ಏಳನೆಯ ಪ್ರಶ್ನೆ

ಹಾರ್ಕರ್ ಕೌಂಟಿಯ ಜನ ಬಹಳ ಒಳ್ಳೆಯವರು ಎಂದು ಯಾರಾದರೂ ನನ್ನೆದುರು ಹೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಒಳ್ಳೆಯವರೇ, ಇಲ್ಲವೆಂದವರು ಯಾರು? ಒಂದು ಮನೆಯಲ್ಲಿ ಸಾವಾದರೆ ವಾರಗಟ್ಟಲೆ ಊಟ ತಂದಿಡುತ್ತಾರೆ. ಹಿಮದಲ್ಲಿ ಕಾರು ಹೂತುಹೋದರೆ ಕರೆಯದೆಯೇ ಸಲಿಕೆ ಹಿಡಿದು ಬರುತ್ತಾರೆ. ಆ ಒಳ್ಳೆಯವರಲ್ಲಿ ಹನ್ನೆರಡು ಮಂದಿ ಒಂದು ಕೋಣೆಯಲ್ಲಿ ಕೂತು, ಲೈಲ್ ಹ್ಯಾಡಿಕ್ಸ್ ಎಂಬ ಇಪ್ಪತ್ತನಾಲ್ಕು ವರ್ಷದವನನ್ನು ಸಾಯುವವರೆಗೆ ಜೈಲಿಗೆ ಕಳಿಸಿದರು. ಕಳಿಸಲು ಅವರಿಗೆ ನೆರವಾದವಳು ನಾನು. ಅವನನ್ನು ಉಳಿಸಲೆಂದು ಬಂದವಳೂ ನಾನೇ.

ನನ್ನ ಹೆಸರು ರೋವೀನಾ ಗ್ರೂಬ್. ಮನಶ್ಶಾಸ್ತ್ರ ಕಲಿಸುವವಳು. ಇಪ್ಪತ್ತಾರು ವರ್ಷದಿಂದ ಒಂದೇ ವಿಷಯದ ಬೆನ್ನು ಹತ್ತಿದ್ದೇನೆ: ವಿಚಾರಣೆ ಶುರುವಾಗುವ ಮುನ್ನ ಪತ್ರಿಕೆ, ಟಿವಿಗಳು ಹೇಳಿದ್ದು, ತೀರ್ಪು ಕೊಡಲು ಜ್ಯೂರಿಯಲ್ಲಿ ಕೂರುವ ಸಾಮಾನ್ಯ ಜನರ ತಲೆಯೊಳಗೆ ಏನು ಮಾಡುತ್ತದೆ? ಉತ್ತರ ನನಗೆ ಮೊದಲ ಎರಡು ವರ್ಷದಲ್ಲೇ ಸಿಕ್ಕಿತ್ತು. ಒಮ್ಮೆ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಮರೆತುಬಿಡಿ ಎಂದು ನ್ಯಾಯಾಧೀಶರು ಹೇಳಿದರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಉಳಿದ ಇಪ್ಪತ್ತನಾಲ್ಕು ವರ್ಷ ಇದನ್ನೇ ಬೇರೆ ಬೇರೆ ನ್ಯಾಯಾಧೀಶರಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದೇನೆ. ಒಬ್ಬರೂ ಕಿವಿಗೆ ಹಾಕಿಕೊಂಡದ್ದಿಲ್ಲ ಎಂದರೆ ತಪ್ಪಾದೀತು. ಇಬ್ಬರು ಹಾಕಿಕೊಂಡಿದ್ದರು.

ಲೈಲ್‌ನ ಕೇಸು ಹೀಗಿತ್ತು. ಪೆಲ್‌ಹ್ಯಾಮ್ ಟೀಚರ್ ಎಂಬ ವಿಧವೆ, ನಲವತ್ತು ವರ್ಷ ಊರಿನ ಮಕ್ಕಳಿಗೆ ಹಾಡು ಕಲಿಸಿದಾಕೆ, ಅಕ್ಟೋಬರ್‌ನಲ್ಲಿ ಮನೆಗೆ ಬೆಂಕಿ ಬಿದ್ದು ಸತ್ತಳು. ಎರಡು ದಿನ ಮೊದಲು ಅವಳ ನೆಲಮಾಳಿಗೆಯಲ್ಲಿದ್ದ, ಮನೆ ಬೆಚ್ಚಗಿಡುವ ಫರ್ನೇಸ್ ರಿಪೇರಿ ಮಾಡಿ ಹೋದವನು ಲೈಲ್. ಅವನು ಬಂದುಹೋದ ಮೇಲೆ ಒಂದು ಉಂಗುರ ಕಾಣಲಿಲ್ಲವಂತೆ. ಅದಕ್ಕೆ ಅವಳು ಅವನಿಗೆ ಫೋನಿನಲ್ಲಿ ಬೈದದ್ದನ್ನು ಪಕ್ಕದ ಮನೆಯವರು ಕೇಳಿಸಿಕೊಂಡಿದ್ದರು. ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಬೆಂಕಿಯ ತನಿಖೆ ಮಾಡಿದ ಪರಿಣತನಿಗೇ ಖಾತ್ರಿ ಇರಲಿಲ್ಲ. ಸಾಕ್ಷ್ಯವೆಂದರೆ ಇಷ್ಟೇ.

ಆದರೆ ಟಿವಿಯವರ ಬಳಿ ಹತ್ತು ಸೆಕೆಂಡಿನ ಒಂದು ಚಿತ್ರವಿತ್ತು. ಉರಿಯುವ ಮನೆಯೆದುರು ನೆರೆದ ಗುಂಪಿನಲ್ಲಿ ಲೈಲ್ ನಿಂತು ನಗುತ್ತಿದ್ದಾನೆ. ಅದು ನಗುವಲ್ಲ, ಹೊಗೆಗೆ ಕಣ್ಣು ಕಿರಿದು ಮಾಡಿ ಹಲ್ಲು ಕಚ್ಚಿದ್ದು. ಅದನ್ನು ಯಾರು ಕೇಳಬೇಕು? ದಿನಕ್ಕೆ ಆರು ಸಲದಂತೆ ಐದು ತಿಂಗಳು ತೋರಿಸಿದರು. ಸುಳ್ಳು ಪತ್ತೆ ಯಂತ್ರದಲ್ಲಿ ಅವನು ಸೋತ ಎಂದರು. ಆ ಯಂತ್ರದ ಮಾತಿಗೆ ಕೋರ್ಟಿನೊಳಗೆ ಬೆಲೆ ಇಲ್ಲ, ಹೊರಗೆ ಬೇಕಾದಷ್ಟಿದೆ. ಜೈಲಿನಲ್ಲಿ ಜೊತೆಗಿದ್ದವನ ಬಳಿ ತಪ್ಪೊಪ್ಪಿಕೊಂಡ ಎಂದರು. ಆ ಜೊತೆಗಾರ ಮಾರನೆಯ ವಾರ ತಾನು ಹಾಗೆ ಹೇಳಲೇ ಇಲ್ಲವೆಂದ. ಅದು ಮಾತ್ರ ಸುದ್ದಿಯಾಗಲಿಲ್ಲ.

ಲೈಲ್‌ನ ವಕೀಲೆ ಬರ್ನೀಸ್ ಕ್ಲಾಪ್ ನನ್ನ ಕಾಲೇಜಿನ ದಿನಗಳ ಗೆಳತಿ. ಬಡವರ ಪರವಾಗಿ ಸರ್ಕಾರ ನೇಮಿಸುವ ವಕೀಲೆ. ಜನವರಿಯಲ್ಲಿ ಫೋನ್ ಮಾಡಿದಳು.

"ರೋ, ಈ ಕೇಸು ಇಲ್ಲೇ ನಡೆದ್ರೆ ಹುಡುಗನ ಕಥೆ ಮುಗೀತು ಕಣೆ. ಬೇರೆ ಕೌಂಟಿಗೆ ಹಾಕಿಸ್ಬೇಕು. ಪೆಲ್‌ಹ್ಯಾಮ್ ಟೀಚರ್ ಹತ್ರ ಹಾಡು ಕಲೀದೆ ಇರೋ ಹನ್ನೆರಡು ಜನಾನ ಈ ಊರಲ್ಲಿ ಹುಡುಕಿಕೊಡು ನೋಡೋಣ."

"ನೀನೂ ಕಲಿತಿದ್ದೆಯಾ?"

"ಕಲ್ತಿದ್ದೆ. ಅದಕ್ಕೇ ನಾನು ಎಲ್ಲೂ ಹಾಡಲ್ಲ."

ವಿಚಾರಣೆಯನ್ನು ಬೇರೆ ಕೌಂಟಿಗೆ ಕಳಿಸಬೇಕಾದರೆ ಇಲ್ಲಿನ ಜನರ ಮನಸ್ಸು ಆಗಲೇ ಕೆಟ್ಟಿದೆ ಎಂದು ತೋರಿಸಬೇಕು. ಅದಕ್ಕೆ ಫೋನ್ ಸಮೀಕ್ಷೆ ಮಾಡುತ್ತೇವೆ. ನಾನೂರು ಮನೆಗಳಿಗೆ ಕರೆ ಮಾಡಿ, ಇಂತಿಂಥದ್ದನ್ನು ನೀವು ಕೇಳಿದ್ದೀರಾ, ಓದಿದ್ದೀರಾ ಎಂದು ಒಂದೊಂದಾಗಿ ಕೇಳುವುದು. ಪ್ರತಿ ಸಲವೂ ಸರ್ಕಾರಿ ವಕೀಲ ಎದ್ದು ನಿಂತು ಒಂದೇ ರಾಗ ಹಾಡುತ್ತಾನೆ: ಫೋನಿನಲ್ಲಿ ಕೇಳಿದರೆ ಜನ ಎಲ್ಲದಕ್ಕೂ ಹೌದು ಎನ್ನುತ್ತಾರೆ. ಅವನ ಬಾಯಿ ಮುಚ್ಚಿಸಲು ನಮ್ಮಲ್ಲೊಂದು ಪದ್ಧತಿಯಿದೆ. ನಿಜವಾಗಿ ಸುದ್ದಿಯಾದ ಸಂಗತಿಗಳ ನಡುವೆ ಎಲ್ಲೂ ಬಾರದ, ನಾವೇ ಕಟ್ಟಿದ ಒಂದು ಸಂಗತಿಯನ್ನು ಸೇರಿಸುತ್ತೇವೆ. ಅದಕ್ಕೆ ಹೌದು ಎನ್ನುವವರು ಕಡಿಮೆಯಿದ್ದರೆ ಉಳಿದ ಹೌದುಗಳೆಲ್ಲ ನಿಜ ಎಂದಾಯಿತು. ಆ ಹುಸಿ ಪ್ರಶ್ನೆ ಉಳಿದವುಗಳಷ್ಟೇ ಕೆಟ್ಟದ್ದೂ ನಂಬುವಂಥದ್ದೂ ಆಗಿರಬೇಕು, ಇಲ್ಲವಾದರೆ ಹೋಲಿಕೆ ಸರಿಯಿಲ್ಲ ಎನ್ನುತ್ತಾರೆ. ನಾನು ಇಂಥ ಪ್ರಶ್ನೆ ಬರೆಯುವುದರಲ್ಲಿ ಎತ್ತಿದ ಕೈ. ಎಂಟು ಪ್ರಶ್ನೆಗಳಲ್ಲಿ ಏಳನೆಯದು ಅದು.

"ಲೈಲ್ ಹ್ಯಾಡಿಕ್ಸ್ ಹನ್ನೊಂದನೆಯ ವಯಸ್ಸಿನಲ್ಲಿ ಪಕ್ಕದ ಮನೆಯವರ ಮೊಲದ ಗೂಡಿಗೆ, ಒಳಗೆ ಮೊಲಗಳಿರುವಾಗಲೇ ಬೆಂಕಿ ಹಚ್ಚಿದ್ದನೆಂದು ನೀವು ಕೇಳಿದ್ದೀರಾ ಅಥವಾ ಓದಿದ್ದೀರಾ?"

ಬರ್ನೀಸ್ ಅದನ್ನು ಓದಿ ಕನ್ನಡಕ ತೆಗೆದಳು. "ಇದು ಯಾವಾಗ ಆಗಿದ್ದು? ನಂಗೆ ಅವನು ಹೇಳೇ ಇಲ್ಲ."

"ಆಗಿದ್ದಲ್ಲ ಮಾರಾಯ್ತಿ, ನಾನು ಹುಟ್ಟಿಸಿದ್ದು."

"ಅಯ್ಯೋ ನಿನ್ನ. ಒಂದು ಗಳಿಗೆ ನಾನೇ ನಂಬಿಬಿಟ್ಟೆ."

"ಹಾಗಾದ್ರೆ ಪ್ರಶ್ನೆ ಚೆನ್ನಾಗಿದೆ ಅಂತಾಯ್ತು," ಎಂದೆ. ನಕ್ಕೆ ಕೂಡ. ಆ ನಗುವನ್ನು ಈಗ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅವನ ಸ್ವಂತ ವಕೀಲೆ ಒಂದು ಗಳಿಗೆ ನಂಬಿದ್ದಳು. ಅಷ್ಟು ಹೊತ್ತಿಗೇ ನನಗೆ ಬುದ್ಧಿ ಬರಬೇಕಿತ್ತು. ಕರೆ ಮುಗಿಸುವಾಗ ಇದರಲ್ಲೊಂದು ಸುಳ್ಳು ಎಂದು ಹೇಳಿಸಬಹುದಿತ್ತು. ನಮ್ಮಲ್ಲಿ ಯಾರೂ ಹಾಗೆ ಹೇಳಿಸುವುದಿಲ್ಲ. ಯಾರೂ ಮಾಡದ್ದನ್ನು ನಾನೂ ಮಾಡಲಿಲ್ಲ.

ಫೆಬ್ರುವರಿಯಲ್ಲಿ ನ್ಯಾಯಾಧೀಶ ಸ್ಟ್ರಾಡರ್ ಎದುರು ಅಂಕಿಗಳನ್ನಿಟ್ಟೆ. ನೂರರಲ್ಲಿ ಎಂಬತ್ತೇಳು ಜನ ಆ ನಗುವನ್ನು ನೋಡಿದ್ದರು. ಎಪ್ಪತ್ತೊಂದು ಜನಕ್ಕೆ ಯಂತ್ರದ ವಿಷಯ ಗೊತ್ತಿತ್ತು. ಅರವತ್ತನಾಲ್ಕು ಜನ ಅವನೇ ಕೊಂದದ್ದೆಂದು ಆಗಲೇ ತೀರ್ಮಾನ ಮಾಡಿಯಾಗಿತ್ತು. ಏಳನೆಯ ಪ್ರಶ್ನೆಗೆ ಹೌದು ಎಂದವರು ನೂರಕ್ಕೆ ನಾಲ್ಕೇ ನಾಲ್ಕು. ಆ ನಾಲ್ಕನ್ನು ಎಷ್ಟು ಹೆಮ್ಮೆಯಿಂದ ತೋರಿಸಿದೆ ಎಂದರೆ ಹೆತ್ತ ಮಗುವನ್ನು ತೋರಿಸಿದ ಹಾಗೆ.

ಸ್ಟ್ರಾಡರ್ ಹಾಳೆಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ತಳ್ಳಿದರು. "ಡಾಕ್ಟ್ರೇ, ನಾನು ಈ ಊರಲ್ಲಿ ಹುಟ್ಟಿ ಅರವತ್ತೊಂದು ವರ್ಷ ಆಯ್ತು. ಇಲ್ಲಿನೋರು ಕೈ ಎತ್ತಿ ಪ್ರಮಾಣ ಮಾಡಿ, ನ್ಯಾಯವಾಗಿ ನೋಡ್ತೀನಿ ಅಂದ್ರೆ ನೋಡ್ತಾರೆ. ನಂಗೆ ನನ್ನ ಜನದ ಮೇಲೆ ನಂಬಿಕೆ ಇದೆ. ನಿಮ್ಮ ಅಂಕಿ ಮೇಲೆ ಇಲ್ಲ."

ಕೇಸು ಇಲ್ಲೇ ಉಳಿಯಿತು. ಏಪ್ರಿಲ್‌ನಲ್ಲಿ ಜ್ಯೂರಿ ಆರಿಸಿದರು. ಟಿವಿಯಲ್ಲಿ ನೋಡಿದ್ದನ್ನು ಬದಿಗಿಟ್ಟು ತೀರ್ಮಾನಿಸಬಲ್ಲಿರಾ ಎಂದು ಒಬ್ಬೊಬ್ಬರನ್ನೂ ಕೇಳಿದರು. ಊಟಕ್ಕೆ ಕೂತ ಮಕ್ಕಳು ಕೈ ತೊಳೆದಿದ್ದೇವೆ ಎನ್ನುವ ಹಾಗೆ ಎಲ್ಲರೂ ಹೌದು ಎಂದರು. ವಿಚಾರಣೆ ಆರು ದಿನ ನಡೆಯಿತು. ಒಳಗೆ ಹೋದ ಜ್ಯೂರಿ ಮೂರು ಗಂಟೆಯಲ್ಲಿ ಹೊರಗೆ ಬಂತು. ಅಪರಾಧಿ ಎಂದರು. ಲೈಲ್‌ನ ತಾಯಿ ಡಾರ್ಲಾ, ಮೊಟ್ಟೆ ಫಾರ್ಮಿನಲ್ಲಿ ಪ್ಯಾಕಿಂಗ್ ಕೆಲಸದವಳು, ಎದ್ದು ನಿಂತು ಪೊಲೀಸನನ್ನು ಕೇಳಿದಳು: "ಅವನಿಗೆ ಉಬ್ಬಸ ಇದೆ, ಔಷಧಿ ಯಾರು ಕೊಡ್ತಾರೆ?"

ತೀರ್ಪಾದ ಮೇಲೆ ಇಷ್ಟವಿದ್ದವರು ನನ್ನಂಥವರ ಜೊತೆ ಮಾತಾಡಬಹುದು. ಸೋತ ಕೇಸಾದರೂ ನಾನು ಹೋಗಿ ಕೇಳುತ್ತೇನೆ, ನನ್ನ ಸಂಶೋಧನೆಗೆ ಬೇಕು. ನಾಲ್ಕನೆಯ ದಿನ ವೀಡಾ ಮಾಟ್ಸನ್ ಎಂಬಾಕೆ ಒಪ್ಪಿದಳು. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಐವತ್ತರ ಹೆಂಗಸು. ಅಡುಗೆಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟಳು, ರೂಬಾರ್ಬ್ ಪೈ ಕತ್ತರಿಸಿ ತಟ್ಟೆಗೆ ಹಾಕಿದಳು. ನಾನು ರೆಕಾರ್ಡರನ್ನು ಮೇಜಿನ ಮೇಲಿಟ್ಟೆ.

"ಟಿವೀಲಿ ಬಂದಿದ್ದನ್ನ ನಾವು ಲೆಕ್ಕಕ್ಕೇ ಇಟ್ಕೊಳ್ಲಿಲ್ಲ ಡಾಕ್ಟ್ರೇ," ಎಂದಳು. "ಜಡ್ಜು ಬೇಡ ಅಂದಿದ್ರಲ್ಲ. ಆ ನಗು ಬಗ್ಗೆ ಒಬ್ರು ಬಾಯಿ ತೆಗೆದ್ರು, ಎಲ್ಲಾರೂ ಸೇರಿ ಸುಮ್ನಿರಿಸಿದ್ವಿ."

ಆ ನಗು ಕೋಣೆಯೊಳಗೂ ಹೋಗಿತ್ತು, ನನ್ನ ಮಾತು ನಿಜವಾಯಿತು ಎಂದು ನನಗೆ ಖುಷಿಯಾಯಿತು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. "ಮತ್ತೆ ಹೇಗೆ ತೀರ್ಮಾನಕ್ಕೆ ಬಂದಿರಿ?"

"ಮೊದಲು ಏಳು ಜನ ಅಪರಾಧಿ ಅನ್ನೋ ಕಡೆ, ಐದು ಜನ ಅಲ್ಲ ಅನ್ನೋ ಕಡೆ. ನಾನು ಬಿಡಿಸ್ಬೇಕು ಅನ್ನೋರ ಕಡೆ ಇದ್ದೆ. ಪಾಪ, ಹುಡುಗನ ಮುಖ ನೋಡಿದ್ರೆ ಹಾಗನ್ನಿಸ್ತಿರ್ಲಿಲ್ಲ. ಆಮೇಲೆ ಮೊಲದ ವಿಷಯ ಬಂತು ನೋಡಿ."

ಕೈಯಲ್ಲಿದ್ದ ಫೋರ್ಕನ್ನು ತಟ್ಟೆಯ ಮೇಲಿಟ್ಟೆ. "ಯಾವ ಮೊಲ?"

"ಚಿಕ್ಕೋನಿದ್ದಾಗ ಮೊಲದ ಗೂಡು ಸುಟ್ಟಿದ್ನಲ್ಲ. ಜೀವಂತ ಮೊಲ ಒಳಗಿದ್ವು. ನಂಗೆ ಗೊತ್ತಿತ್ತು, ಆದ್ರೆ ನಾನಾಗಿ ಎತ್ತಲಿಲ್ಲ. ಇನ್ನೊಬ್ರು ಎತ್ತಿದ್ರು. ನೋಡಿದ್ರೆ ಅರ್ಧ ಜನಕ್ಕೆ ಗೊತ್ತಿದೆ. ಒಬ್ರು ಅಂದ್ರು, ಅದು ನಮ್ಮ ಚಿಕ್ಕಪ್ಪನ ಮಗಂದೇ ಮೊಲ, ಆರು ಇದ್ವು, ಕಪ್ಪು ಬಿಳಿ ಬಣ್ಣದ್ದು ಅಂತ."

ನಾನು ಎಷ್ಟೆಂದು ಬರೆದಿರಲಿಲ್ಲ. ಬಣ್ಣವನ್ನಂತೂ ಬರೆದೇ ಇರಲಿಲ್ಲ. "ಅದು ಯಾವ ಟಿವಿಯಲ್ಲಿ ಬಂದಿತ್ತು?" ಎಂದು ಕೇಳಿದೆ.

"ಟಿವೀಲಿ ಬಂದಿದ್ರೆ ನಾವ್ಯಾಕೆ ನಂಬ್ತಿದ್ವಿ? ಟಿವಿಯೋರು ಏನ್ ಬೇಕಾದ್ರೂ ಒದರ್ತಾರೆ. ಇದು ಯೂನಿವರ್ಸಿಟಿಯೋರು ಹೇಳಿದ್ದು. ನಮ್ಮ ನಾದಿನಿ ಮನೆಗೆ ಚಳಿಗಾಲದಲ್ಲಿ ಫೋನ್ ಬಂದಿತ್ತು. ಹೀಗೀಗೆ ಸುಟ್ಟಿದ್ದ, ನಿಮಗೆ ಗೊತ್ತಾ ಅಂತ ಕೇಳಿದ್ರಂತೆ. ಅವಳಿಗೆ ಗೊತ್ತಿರ್ಲಿಲ್ಲ. ಅವತ್ತೇ ಗೊತ್ತಾಯ್ತು. ಅಷ್ಟು ಓದಿದೋರು ಸುಮ್‌ಸುಮ್ನೆ ಕೇಳ್ತಾರಾ?"

ಇಲ್ಲ ಎಂದು ಉತ್ತರ ಕೊಟ್ಟವರೆಲ್ಲ ನನ್ನ ಲೆಕ್ಕದಲ್ಲಿ ಗೊತ್ತಿಲ್ಲದವರು. ನೂರಕ್ಕೆ ತೊಂಬತ್ತಾರು ಜನ. ಫೋನ್ ಕೆಳಗಿಟ್ಟ ಮರುಗಳಿಗೆಯಿಂದ ಅವರೆಲ್ಲ ಗೊತ್ತಿರುವವರಾದರು. ಇಪ್ಪತ್ತಾರು ವರ್ಷ ಇನ್ನೊಬ್ಬರ ಬಾಯಿಯ ವಿಷ ಅಳೆಯುತ್ತಿದ್ದವಳಿಗೆ ತನ್ನ ಬಾಯಲ್ಲಿದ್ದದ್ದು ಕಾಣಲಿಲ್ಲ. ನನಗೆ ಆ ಟಿವಿಯವರ ಮೇಲೆ, ಸ್ಟ್ರಾಡರ್ ಮೇಲೆ, ಪೈ ಕತ್ತರಿಸುತ್ತಿದ್ದ ಈ ಹೆಂಗಸಿನ ಮೇಲೆ ಒಟ್ಟಿಗೇ ಸಿಟ್ಟು ನುಗ್ಗಿ ಬಂತು. ಎಲ್ಲರಿಗಿಂತ ಹೆಚ್ಚಿನದು ನನ್ನ ಮೇಲೆಯೇ.

"ಅದು ಸುಳ್ಳು ಮಿಸೆಸ್ ಮಾಟ್ಸನ್. ಆ ಪ್ರಶ್ನೆ ಬರೆದವಳು ನಾನು. ಮೊಲವೂ ಇರಲಿಲ್ಲ, ಗೂಡೂ ಇರಲಿಲ್ಲ. ನಾನು ಕಟ್ಟಿದ ಕಥೆ."

ಅವಳು ಎದ್ದು, ನಾನಿನ್ನೂ ಮುಗಿಸದ ತಟ್ಟೆಯನ್ನು ಎತ್ತಿಕೊಂಡು ಹೋಗಿ ಸಿಂಕಿನಲ್ಲಿಟ್ಟಳು. "ನಾನು ಇದನ್ನ ಎಲ್ಲೂ ಬಂದು ಹೇಳಲ್ಲ. ನಾನು ಈ ಊರಲ್ಲಿ ಬದುಕ್ಬೇಕು. ಆ ಮಷೀನು ಆಫ್ ಮಾಡಿ, ಹೊರಡಿ ನೀವು."

ನೆಟ್ಟಗೆ ಬರ್ನೀಸ್‌ಳ ಕಚೇರಿಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ.

"ಹೊಸ ವಿಚಾರಣೆ ಕೇಳೋಕೆ ತೀರ್ಪಿನ ದಿನದಿಂದ ಹದಿನಾಲ್ಕು ದಿನ ಇರುತ್ತೆ," ಎಂದಳು. "ಹತ್ತು ಉಳಿದಿದೆ. ನೀನು ಬರೆದುಕೊಡ್ಬೇಕು, ಪ್ರಮಾಣ ಮಾಡಿ. ಈ ಸುಳ್ಳು ನಂದೇ, ಊರಿಗೆ ಹಬ್ಬಿಸಿದ್ದೂ ನಾನೇ ಅಂತ. ನೀನು ಮಾಡಿದ ಹಳೇ ಸಮೀಕ್ಷೆ ಎಲ್ಲಾ ಕೆದಕ್ತಾರೆ. ಇಪ್ಪತ್ತಾರು ವರ್ಷ ಮಣ್ಣುಪಾಲು."

"ಬರೆದುಕೊಡ್ತೀನಿ. ಸಹಿ ಹಾಕ್ತೀನಿ."

"ನಿನ್ನ ಕೆನ್ನೆಗೆ ಎರಡು ಬಾರಿಸ್ಬೇಕು ಅನ್ನಿಸ್ತಿದೆ ರೋ."

"ಬಾರಿಸು."

"ಆಮೇಲೆ. ಮೊದಲು ಸಹಿ."

ಸ್ಟ್ರಾಡರ್ ಎದುರು ಮತ್ತೆ ನಿಂತೆ. ಜ್ಯೂರಿ ಕೋಣೆಯೊಳಗಿನ ಮಾತನ್ನು ಕೋರ್ಟಿನಲ್ಲಿ ಎತ್ತುವಂತಿಲ್ಲ. ಹೊರಗಿನಿಂದ ಏನೋ ಒಳಗೆ ಹೋಯಿತು ಎಂದಾದರೆ ಮಾತ್ರ ಎತ್ತಬಹುದು, ಅದನ್ನೂ ಕೋಣೆಯ ಹೊರಗಿದ್ದವರು ಮೊದಲು ರುಜುವಾತು ಮಾಡಬೇಕು. ವೀಡಾಳ ನಾದಿನಿ ತನಗೆ ಅಂಥ ಫೋನು ಬಂದ ನೆನಪೇ ಇಲ್ಲವೆಂದು ಬಾಗಿಲು ಹಾಕಿಕೊಂಡಿದ್ದಳು.

"ಯಾರ್ಯಾರ ಮನೆಗೆ ಕರೆ ಹೋಗಿತ್ತು, ಪಟ್ಟಿ ಕೊಡಿ," ಎಂದರು ಸ್ಟ್ರಾಡರ್.

"ಇಲ್ಲ. ಹೆಸರು, ನಂಬರು ಗುಟ್ಟಾಗಿಡುತ್ತೇವೆ ಎಂದು ಅವರಿಗೆ ಮಾತು ಕೊಟ್ಟಿರುತ್ತೇವೆ. ಕೆಲಸ ಮುಗಿದ ಕೂಡಲೇ ಅಳಿಸುತ್ತೇವೆ."

"ಅಳಿಸ್ತೀರಿ," ಎಂದು ತಲೆಯಾಡಿಸಿದರು. ಆಮೇಲೆ ಫೆಬ್ರುವರಿಯ ಅದೇ ಹಾಳೆಯನ್ನು ಕಡತದಿಂದ ಎತ್ತಿಕೊಂಡರು. "ನೂರಕ್ಕೆ ನಾಲ್ಕು ಅಂತ ನೀವೇ ಬರೆದಿದೀರಿ. ಹನ್ನೆರಡು ಜನರ ಜ್ಯೂರೀಲಿ ಅದು ಅರ್ಧ ಆಳೂ ಆಗಲ್ವಲ್ಲ ಡಾಕ್ಟ್ರೇ. ನಿಮ್ಮ ಅಂಕಿಯನ್ನ ನಂಬಿ ಅಂತ ನೀವೇ ಅಲ್ವಾ ಅವತ್ತು ಅಷ್ಟು ಹೊತ್ತು ಹೇಳಿದ್ದು?"

ಸರ್ಕಾರಿ ವಕೀಲ ನಕ್ಕ. ನಾನು ಕಟಕಟೆಯ ಕಂಬಿಯನ್ನು ಹಿಡಿದುಕೊಂಡೇ ನಿಂತಿದ್ದೆ, ಇಲ್ಲದಿದ್ದರೆ ಏನಾದರೂ ಎತ್ತಿ ಎಸೆಯುತ್ತಿದ್ದೆನೋ ಏನೋ. ಬೇಡದಿದ್ದಾಗ ನಂಬದ ಅಂಕಿ, ಬೇಕಾದಾಗ ದೇವರ ವಾಕ್ಯ. ಬರ್ನೀಸ್ ಜಗಳವಾಡಿ ಒಂದನ್ನು ಮಾತ್ರ ಗಿಟ್ಟಿಸಿದಳು: ಸುಳ್ಳು ಈಗ ಊರೆಲ್ಲ ಹಬ್ಬಿದೆ ಎಂದು ಹೊಸ ಅಂಕಿ ತಂದರೆ ನೋಡುತ್ತೇನೆ ಎಂದರು. ಎರಡು ವಾರದ ಗಡುವು.

ಹೊಸ ಅಂಕಿ ಎಂದರೆ ಹೊಸ ಸಮೀಕ್ಷೆ. ಇನ್ನೂ ನಾನೂರು ಮನೆಗೆ ಫೋನ್ ಮಾಡಿ, ಲೈಲ್ ಮೊಲ ಸುಟ್ಟದ್ದನ್ನು ಕೇಳಿದ್ದೀರಾ ಎಂದು ಕೇಳಬೇಕು. ಗೊತ್ತಿಲ್ಲದವರಿಗೂ ನಾವೇ ತಿಳಿಸಿದಂತಾಗುತ್ತದೆ. ಈ ಸಲ ಕೊನೆಯಲ್ಲಿ ಅದು ಸುಳ್ಳು ಎಂದು ಹೇಳಿಸುತ್ತೇವೆ, ಆದರೆ ಕೇಳಿದ ಮೇಲೆ ಹೇಳಿದ್ದು ಯಾರ ತಲೆಯಲ್ಲಿ ಉಳಿಯುತ್ತದೆ? ಹೊಸ ವಿಚಾರಣೆ ಸಿಕ್ಕರೂ ಇದೇ ಊರಿನಲ್ಲಿ, ಇದೇ ಜನರಿಂದ. ಇದನ್ನು ನಾನು ಬರ್ನೀಸ್‌ಗೆ ಹೇಳಿದೆ. ಅವಳು ಹಣೆ ಒತ್ತಿಕೊಂಡು, ಹುಡುಗ ಯಾರನ್ನೂ ಭೇಟಿಯಾಗಲು ಒಪ್ಪುತ್ತಿಲ್ಲ, ತಾಯಿಯನ್ನು ಕೇಳಿಕೊಂಡು ಬಾ ಎಂದಳು.

ಡಾರ್ಲಾ ಟ್ರೇಲರ್ ಮನೆಯೊಂದರಲ್ಲಿರುತ್ತಾಳೆ. ಫಾರ್ಮಿನವರು ಕೊಡುವ ಬಿರುಕು ಬಿಟ್ಟ ಮೊಟ್ಟೆಗಳನ್ನು ಬಟ್ಟಲಿಗೆ ಒಡೆದು ಹಾಕುತ್ತಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ, ನಾನೇ ಕೂತೆ. ಒಂದನ್ನೂ ಬಿಡದೆ ಹೇಳಿದೆ. ಪ್ರಶ್ನೆ ಬರೆದದ್ದು, ನಕ್ಕದ್ದು, ವೀಡಾಳ ಅಡುಗೆಮನೆ, ನೂರಕ್ಕೆ ನಾಲ್ಕು, ಮತ್ತೆ ಕೇಳಬೇಕಾಗಿರುವುದು. ಬಯ್ಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಎಷ್ಟು ಚೆನ್ನಾಗಿತ್ತು.

"ಕೇಳ್ಸಿ," ಎಂದಳು. "ನಾನೂರಲ್ಲ, ಎಂಟುನೂರು ಮನೆಗೆ ಕೇಳ್ಸಿ. ಅವನು ಹೊರಗೆ ಬರೋ ಹಾಗಿದ್ರೆ ನಂಗೇನೂ ಇಲ್ಲ." ಬರ್ನೀಸ್ ಕಳಿಸಿದ್ದ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದಳು. ಕೈಗೆ ಮೊಟ್ಟೆ ಅಂಟಿತ್ತು, ಕಾಗದಕ್ಕೂ ಅಂಟಿತು.

"ಹೋದ ಭಾನುವಾರ ಅವನ್ನ ನೋಡೋಕೆ ಹೋಗಿದ್ದೆ," ಎಂದಳು ಆಮೇಲೆ, ತನ್ನಷ್ಟಕ್ಕೆ ಮಾತಾಡಿಕೊಳ್ಳುವಂತೆ. "ಫಾರ್ಮಲ್ಲಿ ಎಲ್ಲಾರೂ ನನ್ನ ಮುಂದೇನೇ ಆಡ್ಕೋತಾರೆ. ಎಷ್ಟು ಅಂತ ಕೇಳಿಸ್ಕೊಳ್ಳೋದು? ಗಾಜಿನ ಈ ಕಡೆ ಫೋನ್ ಹಿಡ್ಕೊಂಡು ಕೇಳೇಬಿಟ್ಟೆ. ಲೈಲ್, ಆ ಮೊಲಾನ ನೀನು ಸುಟ್ಯೇನೋ ಅಂತ."

"ಏನಂದ?"

"ಏನೂ ಅನ್ನಲಿಲ್ಲ. ನನ್ನ ಮುಖಾನೇ ನೋಡ್ದ. ಫೋನು ಕೆಳಗಿಟ್ಟು ಎದ್ದು ಹೋದ. ಅವತ್ತಿಂದ ನಾನು ಹೋದ್ರೆ ಬರಲ್ಲ ಅಂತ ಹೇಳಿ ಕಳಿಸ್ತಾನೆ."

ಗೋಡೆಯ ಕಡೆ ತಿರುಗಿ ಕೈ ಒರೆಸಿಕೊಂಡಳು. "ಅವನಿಗೆ ಹನ್ನೊಂದು ಆಗಿದ್ದಾಗ ನಾನು ಎರಡು ಪಾಳಿ ಮಾಡ್ತಿದ್ದೆ. ಸಂಜೆ ಹೊತ್ತು ಅವನು ಎಲ್ಲಿರ್ತಿದ್ದ, ಏನ್ ಮಾಡ್ತಿದ್ದ, ನಂಗೆ ಗೊತ್ತೇ ಇರ್ತಿರ್ಲಿಲ್ಲ. ಪಕ್ಕದ ಮನೆಯೋರು ಏನೋ ಸಾಕಿದ್ರು ಅಂತ ನೆನಪು. ಕೋಳಿನೋ, ಏನೋ."

"ಮಿಸೆಸ್ ಹ್ಯಾಡಿಕ್ಸ್, ನಾನು ಈಗ ತಾನೇ ಹೇಳಿದೆನಲ್ಲ. ನನ್ನ ಮೇಜಿನ ಮುಂದೆ ಕೂತು ನಾನೇ ಬರೆದದ್ದು. ಅವನು ಏನೂ ಮಾಡಿಲ್ಲ."

"ಹ್ಞೂ, ಹೇಳಿದ್ರಿ." ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು. ದನಿ ತಗ್ಗಿಸಿದಳು. "ಕೋರ್ಟಿಗೆ ಏನು ಬೇಕೋ ಅದನ್ನ ನೀವು ಹೇಳಿ, ನಾನು ಅಡ್ಡ ಬರಲ್ಲ. ಇಲ್ಲಿ ನಾವಿಬ್ರೇ ಇದೀವಿ. ಅವನು ಸುಟ್ಟಿದ್ನಾ ಇಲ್ವಾ, ನಂಗೊಬ್ಳಿಗೆ ನಿಜ ಹೇಳಿ."

ಇಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಇನ್ನೂ ಏನೋ ಹೇಳುತ್ತೇನೆಂದು ಕಾಯುತ್ತಾ.